ನಿಲ್ಲುವುದೂ ಒಂದು ವಿದ್ಯೆ

ಮಗುವು ಮೊತ್ತಮೊದಲು ಗೋಡೆಯ ಆಸರೆ ಬಿಟ್ಟು ನಿಂತ ದಿನ ಮನೆಮಂದಿಗೆಲ್ಲ ಹಬ್ಬ. ಅದು ಹೊಸ್ತಿಲು ದಾಟಿದರಂತೂ ನೆರೆಹೊರೆಗೆ ಸಿಹಿ ಹಂಚುವ ಪದ್ಧತಿ ನಮ್ಮಲ್ಲಿದೆ. ಆ ಬಳಿಕ ಅರುವತ್ತು ಎಪ್ಪತ್ತು ವರುಷಗಳವರೆಗೆ ನಿಲ್ಲುವುದರ ಮಾತನ್ನು ಯಾರೂ ಎತ್ತುವುದಿಲ್ಲ. ಉಸಿರಾಟದಂತೆ ಅದೂ ತನ್ನಷ್ಟಕ್ಕೆ ನಡೆದುಕೊಂಡು ಹೋಗುವ ಕೆಲಸವೆಂದು ಎಣಿಸಿರುತ್ತೇವೆ. ಮನೆಯ ಹಿರಿಯರೊಬ್ಬರು ಒಂದು ದಿನ ಬಿದ್ದಾಗಲೇ ಅದೊಂದು ಕಲಿತ ವಿದ್ಯೆ, ಕೈಬಿಟ್ಟರೆ ಮರೆತುಹೋಗುವ ವಿದ್ಯೆ ಎಂಬುದು ತಿಳಿಯುತ್ತದೆ. ನನಗೆ ತಿಳಿದದ್ದು ನನ್ನ ತಾಯಿಯವರು ಬಿದ್ದಾಗ.

ನಾವಿರುವುದು ಗಣೇಶಗುಡಿಯಲ್ಲಿ, ಜೋಯಿಡಾ ತಾಲೂಕು, ಕಾಳಿ ನದಿಯ ದಂಡೆ, ಸೂಪಾ ಆಣೆಕಟ್ಟಿನ ಮಗ್ಗುಲು. ಇಲ್ಲಿ ಜೂನಿನಲ್ಲಿ ಹಿಡಿದ ಮಳೆ ಸುಲಭವಾಗಿ ಬಿಡುವುದಿಲ್ಲ. ಅಂಗಳದ ಜಂಬಿಟ್ಟಿಗೆಯ ಮೇಲೆ ಹಾವಸೆ ಬೆಳೆಯುತ್ತದೆ. ಗಾಳಿ ಬೀಸಿತೆಂದರೆ ವಿದ್ಯುದ್ದೀಪವೂ ಹೋಗುತ್ತದೆ. ಅಂಥದೊಂದು ಮುಂಜಾನೆ ಎಪ್ಪತ್ತಾರು ವರುಷದ ತಾಯಿಯವರು ಬಚ್ಚಲಲ್ಲಿ ಬಿದ್ದರು. ದೈವದಯೆಯಿಂದ ಎಲುಬು ಮುರಿಯಲಿಲ್ಲ. ತೋರಿಸಿದ ವೈದ್ಯರು ಚಿತ್ರ ತೆಗೆಸಿ ನೋಡಿ, “ಏನೂ ಆಗಿಲ್ಲ, ವಯಸ್ಸು, ಅಷ್ಟೇ. ಹೆಚ್ಚು ಓಡಾಡಗೊಡಬೇಡಿ” ಎಂದರು. ನಾವೂ ಹಾವಸೆಯನ್ನು ಬೈದು, ಬಚ್ಚಲನ್ನು ತಿಕ್ಕಿಸಿ, ತಾಯಿಯವರನ್ನು ಮಂಚದ ಮೇಲೆ ಕೂರಿಸಿದೆವು. ನೀರು ಬೇಕೆಂದರೆ ನೀರು, ಊಟವೆಂದರೆ ಊಟ, ಎಲ್ಲವೂ ಕುಳಿತಲ್ಲಿಗೆ. ನಾವು ಅದನ್ನು ಸೇವೆಯೆಂದೇ ತಿಳಿದಿದ್ದೆವು.

ಎರಡು ತಿಂಗಳು ಕಳೆಯುವಷ್ಟರಲ್ಲಿ ತುಳಸಿಕಟ್ಟೆಯವರೆಗೆ ಹೋಗುವುದೂ ಅವರಿಂದಾಗದೆ ಹೋಯಿತು. ಎದ್ದು ನಿಂತರೆ ಕಾಲು ನಡುಗುತ್ತಿತ್ತು. ನಿಂತೊಡನೆ ಕೈ ಗೋಡೆಯನ್ನು ಹುಡುಕುತ್ತಿತ್ತು. ಆಗ ಸ್ನೇಹಿತರೊಬ್ಬರ ಸಲಹೆಯಂತೆ ಅವರನ್ನು ಧಾರವಾಡಕ್ಕೆ ಕರೆದೊಯ್ದು ಫಿಜಿಯೋಥೆರಪಿಯ ತಜ್ಞೆಯೊಬ್ಬರಿಗೆ ತೋರಿಸಿದೆ. ದೊಡ್ಡ ಯಂತ್ರಗಳ ಪರೀಕ್ಷೆಯನ್ನು ನಿರೀಕ್ಷಿಸಿಕೊಂಡು ಹೋದವನಿಗೆ ಅಲ್ಲಿ ಕಂಡದ್ದು ಒಂದು ಕುರ್ಚಿ, ಒಂದು ಅಳತೆಪಟ್ಟಿ, ಒಂದು ಗಡಿಯಾರ, ಗೋಡೆಗೆ ಇಳಿಬಿಟ್ಟ ಒಂದು ದಾರ. ಮುಕ್ಕಾಲು ಗಂಟೆಯಲ್ಲಿ ಅಲ್ಲಿ ನಡೆದದ್ದನ್ನೂ, ಆಮೇಲೆ ನಾನು ಕೇಳಿ ಓದಿ ತಿಳಿದುಕೊಂಡದ್ದನ್ನೂ ಓದುಗರ ಮುಂದೆ ಇಡಬೇಕೆನಿಸಿದೆ. ಹಿರಿಯರಿರುವ ಪ್ರತಿಯೊಂದು ಮನೆಗೂ ಇದು ಬೇಕಾದ ವಿಷಯ.

ಮೊದಲು, ನಿಲ್ಲುವುದೆಂದರೇನು? ನಮ್ಮೂರಿನ ಆಣೆಕಟ್ಟನ್ನೇ ನೋಡಿರಿ. 101 ಮೀಟರ್ ಎತ್ತರದ, 332 ಮೀಟರ್ ಉದ್ದದ ಈ ಕಾಂಕ್ರೀಟಿನ ಕಟ್ಟು ಅಷ್ಟೊಂದು ನೀರಿನ ಒತ್ತಡವನ್ನು ತಾಳಿ ನಿಂತಿರುವುದು ತನ್ನ ತೂಕದ ಬಲದಿಂದ. ಅದರ ಬುಡ ಅಗಲ, ನೆತ್ತಿ ಕಿರಿದು. ನೀರು ಎಷ್ಟೇ ನೂಕಿದರೂ, ಆ ನೂಕು ಮತ್ತು ಅದರ ತೂಕ ಕೂಡಿದ ಬಲದ ಗೆರೆ ಬುಡದೊಳಗೇ ಬೀಳುವಂತೆ ಅದನ್ನು ಕಟ್ಟಿರುತ್ತಾರೆ. ಮನುಷ್ಯನ ಕಟ್ಟಡವಾದರೋ ಇದಕ್ಕೆ ತಿರುಗುಮುರುಗು. ತಲೆ, ಎದೆ, ಹೊಟ್ಟೆಗಳ ಭಾರವೆಲ್ಲ ಮೇಲೆ. ಬುಡವೆಂದರೆ ಎರಡು ಅಂಗಾಲು ಮತ್ತು ಅವುಗಳ ನಡುವಿನ ನೆಲ. ನಿಂತ ಮನುಷ್ಯನ ಭಾರಕೇಂದ್ರ ಕಿಬ್ಬೊಟ್ಟೆಯೊಳಗೆ, ಬೆನ್ನೆಲುಬಿನ ಕೆಳತುದಿಯ ತ್ರಿಕಾಸ್ಥಿಯ ಮುಂದೆ ಇರುತ್ತದೆ. ಅಲ್ಲಿಂದ ಇಳಿಬಿಟ್ಟ ಗೆರೆ ಅಂಗಾಲುಗಳ ಆ ಚಿಕ್ಕ ಆವರಣದೊಳಗೆ ಇರುವವರೆಗೆ ನಿಲುವು. ಹೊರಬಿದ್ದು ಮರಳಿ ಬಾರದಿದ್ದರೆ ಪತನ.

ಆಣೆಕಟ್ಟು ಕದಲದೆ ನಿಲ್ಲುತ್ತದೆ. ಮನುಷ್ಯ ಕದಲುತ್ತ ನಿಲ್ಲುತ್ತಾನೆ. ನೆಟ್ಟಗೆ ನಿಂತಿದ್ದೇನೆಂದು ಹೇಳುವವನ ಶರೀರವೂ ಹಿಂದಕ್ಕೂ ಮುಂದಕ್ಕೂ ಸಣ್ಣಗೆ ತೂಗಾಡುತ್ತಲೇ ಇರುತ್ತದೆ. ಪ್ರತಿ ಸಲವೂ ಹರಡಿನ, ಮೊಣಕಾಲಿನ, ಸೊಂಟದ ಸ್ನಾಯುಗಳು ಎಳೆದು ಸರಿಪಡಿಸುತ್ತವೆ. ಅಂದಮೇಲೆ ನಿಲ್ಲುವುದು ವಿಶ್ರಾಂತಿಯಲ್ಲ, ಬಿಡುವಿಲ್ಲದ ದುಡಿಮೆ.

ಈ ದುಡಿಮೆಗೆ ಮಿದುಳಿಗೆ ಸುದ್ದಿ ಬೇಕು. ಸುದ್ದಿ ತರುವ ದೂತರು ಮೂವರು. ಮೊದಲನೆಯದು ಕಣ್ಣು. ಎರಡನೆಯದು ಅಂಗಾಲು, ಕೀಲು ಮತ್ತು ಸ್ನಾಯುಗಳೊಳಗಿನ ಸ್ಪರ್ಶಜ್ಞಾನ. ಕತ್ತಲಲ್ಲಿಯೂ ಪಾದ ಎಲ್ಲಿದೆ, ನೆಲ ಓರೆಯೋ ಸಮವೋ ಎಂಬುದನ್ನು ಹೇಳುವುದು ಇದೇ. ಮೂರನೆಯದು ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳು ತಲೆ ತಿರುಗಿದ್ದನ್ನು ಅರಿಯುತ್ತವೆ. ಸುಣ್ಣದ ಸೂಕ್ಷ್ಮ ಹರಳುಗಳುಳ್ಳ ಎರಡು ಚೀಲಗಳು ತಲೆ ವಾಲಿದ್ದನ್ನು ಅರಿಯುತ್ತವೆ.

ಕಿವಿಗೂ ಸಮತೋಲಕ್ಕೂ ಏನು ನಂಟು ಎಂದು ಕೇಳುವವರು ವಿಯೆನ್ನಾ ನಗರದ ರಾಬರ್ಟ್ ಬಾರಾನಿಯವರ ಕತೆಯನ್ನು ತಿಳಿಯಬೇಕು. ರೋಗಿಗಳ ಕಿವಿಯನ್ನು ಆ ವೈದ್ಯರು ನೀರಿನಿಂದ ತೊಳೆಯುವಾಗ ಕೆಲವರಿಗೆ ತಲೆಸುತ್ತು ಬರುತ್ತಿತ್ತು, ಕಣ್ಣುಗುಡ್ಡೆಗಳು ಅತ್ತಿತ್ತ ಜಿಗಿಯುತ್ತಿದ್ದವು. ನೀರು ತಣ್ಣಗಿದ್ದರೆ ಜಿಗಿತ ಒಂದು ಕಡೆಗೆ, ಬಿಸಿಯಿದ್ದರೆ ಇನ್ನೊಂದು ಕಡೆಗೆ. ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದನ್ನು ನಾವು ಬಲ್ಲೆವು. ಅದರಂತೆಯೇ ಒಳಕಿವಿಯ ದ್ರವವೂ ಬಿಸಿ ತಂಪುಗಳಿಗೆ ಹರಿದಾಡುತ್ತದೆಂದು ಅವರು ವಿವರಿಸಿದರು. ಈ ಸಂಶೋಧನೆಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು. ಆ ಸುದ್ದಿ ತಲಪಿದಾಗ ಬಾರಾನಿಯವರು ಮಹಾಯುದ್ಧದ ಸೆರೆಯಾಳಾಗಿ ರಶಿಯದಲ್ಲಿದ್ದರು.

ಈ ಮೂವರು ದೂತರಲ್ಲಿ ಒಬ್ಬನು ಕೈಕೊಟ್ಟರೆ ಉಳಿದಿಬ್ಬರು ಸಂಭಾಳಿಸುತ್ತಾರೆ. ಆದ್ದರಿಂದಲೇ ಕೊರತೆಯು ಬಹುಕಾಲ ಹೊರಗೆ ತೋರುವುದಿಲ್ಲ. ಯಾವ ದೂತನು ದುರ್ಬಲನಾಗಿದ್ದಾನೆಂದು ಪತ್ತೆಹಚ್ಚುವುದು ಪರೀಕ್ಷೆಯ ಒಂದು ಉದ್ದೇಶ. ಸ್ನಾಯುಗಳಲ್ಲಿ ಆಜ್ಞೆಯನ್ನು ಪಾಲಿಸುವ ಶಕ್ತಿಯಿದೆಯೇ ಎಂದು ಅಳೆಯುವುದು ಇನ್ನೊಂದು.

ಪರೀಕ್ಷೆ ಶುರುವಾದದ್ದು ಪ್ರಶ್ನೆಗಳಿಂದ. ಒಂದು ವರುಷದಲ್ಲಿ ಎಷ್ಟು ಸಲ ಬಿದ್ದಿರಿ? ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ? ತಲೆ ಸುತ್ತಿತೋ, ಕಾಲು ಸೋತಿತೋ? ಯಾವ ಯಾವ ಗುಳಿಗೆ ನುಂಗುತ್ತೀರಿ? ರಕ್ತದೊತ್ತಡದ ಔಷಧ, ನಿದ್ದೆಯ ಗುಳಿಗೆಗಳೂ ಕೆಲವೊಮ್ಮೆ ಬೀಳಿಸುತ್ತವಂತೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಮ್ಮೆ ರಕ್ತದೊತ್ತಡವನ್ನು ನೋಡಿದರು. ಮೇಲಿನ ಅಂಕೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದೇ ಬೀಳುವುದಕ್ಕೆ ಕಾರಣವಾಗಿರಬಹುದು. ತಾಯಿಯವರಿಗೆ ಅಂಥ ಇಳಿತ ಇರಲಿಲ್ಲ.

ಆಮೇಲೆ ತಜ್ಞೆ ಕೇಳಿದರು: “ಅಜ್ಜಿ, ಬಚ್ಚಲಲ್ಲಿ ಬಿದ್ದಾಗ ನಿಮ್ಮ ಕಣ್ಣು ತೆರೆದಿತ್ತೋ, ಮುಚ್ಚಿತ್ತೋ?”

“ಮುಖಕ್ಕೆ ಸಾಬೂನು ಹಚ್ಚಿದ್ದೆ ತಾಯಿ, ಮುಚ್ಚಿದ್ದೆ” ಎಂದರು ನಮ್ಮ ತಾಯಿ.

ಈ ಪ್ರಶ್ನೆಯನ್ನು ಎರಡು ತಿಂಗಳಿನಲ್ಲಿ ಯಾರೂ ಕೇಳಿರಲಿಲ್ಲ. ಮಗನಾದ ನಾನೂ ಕೇಳಿರಲಿಲ್ಲ. ಅದರ ಮಹತ್ವ ನನಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.

ಮುಂದಿನದು ನಿಲುವಿನ ಪರೀಕ್ಷೆ. ಗೋಡೆ ಕಟ್ಟುವ ಗೌಂಡಿಯು ತೂಕದ ಗುಂಡು ಇಳಿಬಿಟ್ಟು ನೋಡುವಂತೆ, ಇಳಿಬಿಟ್ಟ ದಾರದ ಪಕ್ಕದಲ್ಲಿ ರೋಗಿಯನ್ನು ನಿಲ್ಲಿಸಿ ಮುಂದಿನಿಂದ, ಹಿಂದಿನಿಂದ, ಮಗ್ಗುಲಿನಿಂದ ನೋಡುತ್ತಾರೆ. ಮಗ್ಗುಲಿನಿಂದ ನೋಡಿದಾಗ ದಾರವು ಕಿವಿಯ ಹಾಲೆ, ಹೆಗಲಿನ ಕೀಲು, ತೊಡೆಯೆಲುಬಿನ ಮೇಲ್ತುದಿಯ ಉಬ್ಬು ಇವುಗಳ ಮೇಲೆ ಹಾದು, ಮೊಣಕಾಲಿನ ನಡುವಿಗಿಂತ ತುಸು ಮುಂದಾಗಿ, ಹರಡಿನ ಹೊರಗಂಟಿನ ತುಸು ಮುಂದೆ ಇಳಿಯಬೇಕು. ಹಿಂದಿನಿಂದ ನೋಡಿದಾಗ ಎರಡು ಹೆಗಲು, ಎರಡು ಸೊಂಟ ಒಂದೇ ಮಟ್ಟದಲ್ಲಿವೆಯೇ ಎಂದು ನೋಡುತ್ತಾರೆ. ನನಗೆ ಶ್ರವಣಬೆಳಗೊಳದ ಗೊಮ್ಮಟನ ನೆನಪಾಯಿತು. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ ಆ 57 ಅಡಿಯ ವಿಗ್ರಹ ಕಾಯೋತ್ಸರ್ಗದಲ್ಲಿ, ತೋಳುಗಳನ್ನು ಇಳಿಬಿಟ್ಟು ನೇರ ನಿಂತಿದೆ. ಹುತ್ತದ ಆಸರೆ ಇರುವುದು ತೊಡೆಯವರೆಗೆ. ಅದರ ಮೇಲೆ ಯಾವ ಆಧಾರವೂ ಇಲ್ಲ.

ಆದರೆ ನಾವು ಕಲ್ಲಲ್ಲ. ದಾರಕ್ಕೆ ಸರಿಯಾಗಿ ಹೊಂದುವ ಶರೀರ ನೂರಕ್ಕೊಂದು ಸಿಕ್ಕುವುದೂ ಕಷ್ಟವೆಂದು ತಜ್ಞೆ ನಕ್ಕರು. ಪರೀಕ್ಷೆಯಿರುವುದು ತಪ್ಪು ಹುಡುಕುವುದಕ್ಕಲ್ಲ, ಶರೀರ ಏನನ್ನು ಸರಿದೂಗಿಸಿಕೊಳ್ಳುತ್ತಿದೆಯೆಂದು ತಿಳಿಯುವುದಕ್ಕೆ. ತಾಯಿಯವರ ತಲೆ ದಾರದಿಂದ ಮುಂದಕ್ಕೆ ಬಂದಿತ್ತು, ಬೆನ್ನು ಗೂನಾಗಿತ್ತು, ಎಡಸೊಂಟ ಮೇಲೆದ್ದಿತ್ತು. “ಕೊಡ ಯಾವ ಕಡೆ ಹೊರುತ್ತಿದ್ದಿರಿ?” ಎಂದು ಕೇಳಿದರೆ, “ಎಡಕ್ಕೆ” ಎಂದರು. ತಲೆಯ ಮೇಲೆ ಹೊತ್ತ ಭಾರ ಬೆನ್ನೆಲುಬಿನ ಗೆರೆಯಲ್ಲಿಯೇ ಇಳಿಯುತ್ತದೆ. ಸೊಂಟದ ಮೇಲಿನ ಕೊಡಕ್ಕಾದರೆ ಮೈ ಎದುರು ಮಗ್ಗುಲಿಗೆ ಬಾಗಬೇಕಾಗುತ್ತದೆ. ನಲ್ವತ್ತು ವರುಷ ಬಾವಿಯಿಂದ ನೀರು ಹೊತ್ತ ಲೆಕ್ಕ ಆ ಬೆನ್ನಿನ ಮೇಲೆ ಬರೆದಂತೆ ಕಂಡಿತು. ಬೆನ್ನು ಗೂನಾಗಿ ತಲೆ ಮುಂದೆ ಬಂದರೆ ಭಾರಕೇಂದ್ರವೂ ಬೆರಳುಗಳ ಕಡೆಗೆ ಸರಿಯುತ್ತದೆ. ಮುಗ್ಗರಿಸಿದಾಗ ಸಾವರಿಸಿಕೊಳ್ಳಲು ಉಳಿಯುವ ಜಾಗ ಸ್ವಲ್ಪ.

ಬಳಿಕ ನಾಲ್ಕು ಬಗೆಯ ನಿಲುವುಗಳನ್ನು, ಒಂದೊಂದನ್ನೂ 10 ಸೆಕೆಂಡಿನಂತೆ ನೋಡಿದರು. ಎರಡೂ ಪಾದ ಜೋಡಿಸಿ; ಒಂದು ಪಾದವನ್ನು ಅರ್ಧ ಮುಂದಿಟ್ಟು; ಒಂದರ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ; ಕೊನೆಗೆ ಒಂಟಿಕಾಲಿನಲ್ಲಿ. ಮೂರನೆಯ ನಿಲುವಿನಲ್ಲಿ 10 ಸೆಕೆಂಡು ನಿಲ್ಲಲಾಗದ ವೃದ್ಧರು ಬೀಳುವ ಸಂಭವ ಹೆಚ್ಚು. ತಾಯಿಯವರು ಮೂರೇ ಸೆಕೆಂಡಿಗೆ ತಜ್ಞೆಯ ತೋಳು ಹಿಡಿದರು.

ಆಮೇಲೆ ಪಾದ ಜೋಡಿಸಿ ನಿಲ್ಲಿಸಿ, “ಈಗ ಕಣ್ಣು ಮುಚ್ಚಿರಿ” ಎಂದರು. ಮುಚ್ಚಿದ್ದೇ ತಡ, ತಾಯಿಯವರು ಬುಡ ಕಡಿದ ಬಾಳೆಯಂತೆ ಓಲಿದರು. ಸುತ್ತ ಕೈಚಾಚಿ ಸಿದ್ಧವಾಗಿದ್ದ ತಜ್ಞೆ ಹಿಡಿದುಕೊಂಡರು. ಇದು 19ನೆಯ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಅವರ ಹೆಸರಿನ ಪರೀಕ್ಷೆ. ಬೆನ್ನುಹುರಿಯ ರೋಗದಿಂದ ಕಾಲಿನ ಸ್ಪರ್ಶಜ್ಞಾನ ಕೆಟ್ಟವರು ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ಅವರು ಬರೆದಿಟ್ಟಿದ್ದರು. ಕಣ್ಣು ತೆರೆದಾಗ ನಿಲ್ಲಬಲ್ಲವರು ಮುಚ್ಚಿದಾಗ ಬೀಳುವರೆಂದರೆ, ಅವರು ಕಾಲಿನಿಂದಲ್ಲ, ಕಣ್ಣಿನಿಂದ ನಿಂತಿದ್ದಾರೆಂದು ಅರ್ಥ. ಇಂಥವರು ಮುಖ ತೊಳೆಯುವಾಗ ಬೀಳುವುದು ವೈದ್ಯರಿಗೆ ಹಳೆಯ ಪರಿಚಯದ ಸಂಗತಿಯಂತೆ. ಬಚ್ಚಲಿನ ಪ್ರಶ್ನೆಯ ಅರ್ಥ ನನಗೆ ಆಗ ಹೊಳೆಯಿತು. ನಾವು ಎರಡು ತಿಂಗಳು ಬೈದದ್ದು ಹಾವಸೆಯನ್ನು. ಅಪರಾಧಿ ಬೇರೆ ಇತ್ತು.

ಅದನ್ನು ಖಚಿತಪಡಿಸಿಕೊಳ್ಳಲು ತಜ್ಞೆ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಹಲವು ಕಡೆ ಒತ್ತಿದರು. 10 ಗ್ರಾಂ ಭಾರಕ್ಕೆ ಬಾಗುವ ಎಳೆ ಅದು. ಹೆಚ್ಚಿನ ಕಡೆಗಳಲ್ಲಿ ತಾಯಿಯವರಿಗೆ ಮುಟ್ಟಿದ್ದೇ ಗೊತ್ತಾಗಲಿಲ್ಲ. ಹದಿನೈದು ವರುಷಗಳ ಸಿಹಿಮೂತ್ರ ರೋಗ ಅಂಗಾಲಿನ ನರಗಳನ್ನು ಮೆಲ್ಲಗೆ ಮಂದಮಾಡಿತ್ತು. ದೂತರಲ್ಲಿ ಒಬ್ಬನು ಯಾವಾಗಲೋ ಸುದ್ದಿ ತರುವುದನ್ನು ನಿಲ್ಲಿಸಿದ್ದ. ಸಾಬೂನು, ಕತ್ತಲು ಸೇರಿ ಎರಡನೆಯವನನ್ನೂ ತಡೆದಾಗ ಶರೀರ ಕೆಳಗುರುಳಿತು.

ಇನ್ನು ಚಲನೆಯ ಪರೀಕ್ಷೆ. ಇವುಗಳಲ್ಲಿ ಪ್ರಸಿದ್ಧವಾದುದು 1991ರಲ್ಲಿ ಕೆನಡಾದ ಇಬ್ಬರು ಸಂಶೋಧಕಿಯರು ಪ್ರಕಟಿಸಿದ, ಎದ್ದು ನಡೆದು ಬಂದು ಕೂರುವ ಪರೀಕ್ಷೆ. ಕುರ್ಚಿಯಿಂದ ಏಳಬೇಕು, ನಿತ್ಯದ ನಡಿಗೆಯಲ್ಲಿ 3 ಮೀಟರ್ ಹೋಗಬೇಕು, ತಿರುಗಬೇಕು, ಮರಳಿ ಬಂದು ಕೂರಬೇಕು. ಆರೋಗ್ಯವಂತ ವೃದ್ಧರು ಇದನ್ನು 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ಬೇಕು. 30 ದಾಟಿದರೆ ನಿತ್ಯದ ಓಡಾಟಕ್ಕೆ ಇನ್ನೊಬ್ಬರ ನೆರವು ಬೇಕಾಗುವುದೇ ಹೆಚ್ಚು. ತಾಯಿಯವರಿಗೆ 24 ಸೆಕೆಂಡು ಹಿಡಿಯಿತು. ತಜ್ಞೆ ನೋಡಿದ್ದು ಗಡಿಯಾರವನ್ನಷ್ಟೇ ಅಲ್ಲ. ಏಳುವಾಗ ಕೈ ಊರಿದರೇ, ತಿರುಗುವಾಗ ಎಷ್ಟು ಹೆಜ್ಜೆ ಹಾಕಿದರು, ಕೂರುವಾಗ ಕುಸಿದರೇ ಎಂಬುದನ್ನೆಲ್ಲ ಬರೆದುಕೊಂಡರು.

ಗೋಡೆಯ ಪಕ್ಕದಲ್ಲಿ ನಿಂತು, ತೋಳು ಮುಂದಕ್ಕೆ ನೀಡಿ, ಹೆಜ್ಜೆ ಕದಲಿಸದೆ ಎಷ್ಟು ದೂರ ಚಾಚಬಹುದೆಂದು ಅಳೆಯುವುದು ಇನ್ನೊಂದು. 25 ಸೆಂಟಿಮೀಟರಿಗೆ ಮೇಲಾದರೆ ಚೆನ್ನ. 15ಕ್ಕಿಂತ ಕಡಿಮೆಯಾದರೆ ಅಪಾಯ. ಕೆನಡಾದವರೇ ಆದ ಕ್ಯಾಥರೀನ್ ಬರ್ಗ್ ಅವರು 1989ರಲ್ಲಿ ರೂಪಿಸಿದ ಮಾಪನವೂ ಉಂಟು; ಅದರಲ್ಲಿ 14 ಕೆಲಸಗಳು, ಒಂದೊಂದಕ್ಕೆ ಸೊನ್ನೆಯಿಂದ 4 ಅಂಕ, ಒಟ್ಟು 56. ಉಪಾಧ್ಯಾಯನಾದ ನನಗೆ ಇದು ಹಿಡಿಸಿತು. ಆದರೆ ಇಲ್ಲಿ ಅಂಕ ಕೊಡುವುದು ಪಾಸು ನಪಾಸು ಮಾಡುವುದಕ್ಕಲ್ಲ. ಯಾವ ಪಾಠ ಹಿಂದುಳಿದಿದೆ ಎಂದು ತಿಳಿದು ಅದನ್ನೇ ಮತ್ತೆ ಕಲಿಸುವುದಕ್ಕೆ.

ಈ ಪರೀಕ್ಷೆಗಳು ಕುರ್ಚಿಯ ಮೇಲೆ ಕೂರುವ ನಾಡುಗಳಿಂದ ಬಂದವು. ನಮ್ಮ ಮುದುಕಿಯರ ಬದುಕು ನೆಲದ ಮೇಲಿನದು. ಆದ್ದರಿಂದ ಆ ತಜ್ಞೆ ಚಾಪೆ ಹಾಸಿ, ನೆಲದಿಂದ ಹೇಗೆ ಏಳುತ್ತೀರಿ ತೋರಿಸಿರಿ ಎಂದರು. ಕೊನೆಗೆ, “ಬೀಳುವ ಭಯವಿದೆಯೇ?” ಎಂದು ಮೆಲ್ಲಗೆ ಕೇಳಿದರು. ತಾಯಿಯವರು ಉತ್ತರಿಸಲಿಲ್ಲ, ಸೆರಗಿನಿಂದ ಕಣ್ಣೊರಸಿಕೊಂಡರು. ಭಯದಿಂದ ನಡೆಯುವುದು ಕಡಿಮೆಯಾಗುತ್ತದೆ. ನಡೆಯದೆ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ನಮ್ಮ ಮನೆಯಲ್ಲಿ ಆ ಗಾಣ ಎರಡು ತಿಂಗಳು ಸುತ್ತಿತ್ತು, ಅದನ್ನು ಸುತ್ತಿಸಿದವರು ನಾವೇ.

ಚಿಕಿತ್ಸೆಯೂ ಪರೀಕ್ಷೆಯಷ್ಟೇ ಸರಳ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕುರ್ಚಿಯಿಂದ ಕೈಯೂರದೆ ಏಳಲು ಅಭ್ಯಾಸ. ಮನೆಯವರೊಬ್ಬರು ಪಕ್ಕದಲ್ಲಿರುವಾಗ ಪಾದಗಳನ್ನು ದಿನದಿನಕ್ಕೆ ಹತ್ತಿರ ತಂದು ನಿಲ್ಲುವುದು. ಸಂಜೆ ರೇಡಿಯೋದಲ್ಲಿ ಒಂದು ಹಾಡು ಮುಗಿಯುವವರೆಗೆ ಈ ಅಭ್ಯಾಸ ನಡೆಯುತ್ತಿತ್ತು. ಸೋತ ಬಲಗಾಲಿಗೆ ಊರುಗೋಲು ಎಡಗೈಯಲ್ಲಿರಬೇಕೆಂಬುದೂ ನಮಗೆ ಹೊಸ ಪಾಠ. ಬಚ್ಚಲಿಗೆ ಹಿಡಿಕೆ, ಕುಳಿತು ಮೀಯಲು ಮಣೆ, ದಿಂಬಿನ ಬಳಿ ಬ್ಯಾಟರಿ ದೀಪ, ಹಿಮ್ಮಡಿಗೆ ಪಟ್ಟಿಯುಳ್ಳ ಚಪ್ಪಲಿ. ದಿನಾಲು ಅಂಗಾಲನ್ನು ಗಾಯವಾಗಿದೆಯೇ ಎಂದು ನೋಡುವುದು. “ಕಣ್ಣು ಮುಚ್ಚುವ ಮೊದಲು ಕೂತುಕೊಳ್ಳಿ” ಎಂಬುದು ಮನೆಯ ಮಂತ್ರವಾಯಿತು. ಸತ್ತ ನರಗಳು ಮರಳಿ ಬರಲಿಲ್ಲ. ಆದರೆ ಉಳಿದ ಶಕ್ತಿಗಳು ಬಲಿತವು. ನಾಲ್ಕು ತಿಂಗಳ ತರುವಾಯ ಅದೇ 3 ಮೀಟರಿನ ನಡಿಗೆ 15 ಸೆಕೆಂಡಿಗೆ ಇಳಿಯಿತು.

ಓದುಗರಿಗೆ ಎರಡು ಎಚ್ಚರಿಕೆ. ಈ ಪರೀಕ್ಷೆಗಳನ್ನು, ವಿಶೇಷವಾಗಿ ಕಣ್ಣು ಮುಚ್ಚಿಸುವುದನ್ನು, ಹಿರಿಯರ ಮೇಲೆ ಮನೆಯಲ್ಲಿ ಪ್ರಯೋಗಿಸಬೇಡಿರಿ; ಹಿಡಿಯಬಲ್ಲ ತಜ್ಞರ ಕೈ ಬೇಕು. ಎರಡನೆಯದಾಗಿ, ತೋಲ ಒಮ್ಮೆಗೇ ತಪ್ಪಿ, ಅದರೊಡನೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಅದು ಮಿದುಳಿನ ಆಘಾತವಿರಬಹುದು. ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಲೋಕ ಗಿರ್ರನೆ ತಿರುಗುವುದಾದರೆ ಒಳಕಿವಿಯ ಹರಳು ಜಾಗ ತಪ್ಪಿ ನಾಳದೊಳಗೆ ಬಿದ್ದಿರುವುದುಂಟು. ತಲೆಯನ್ನು ಕ್ರಮವಾಗಿ ಹೊರಳಿಸಿ ಅದನ್ನು ಸರಿಪಡಿಸುವ ಉಪಾಯ ವೈದ್ಯರಿಗೆ ಗೊತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರುಷಕ್ಕೆ 6,84,000 ಮಂದಿ. ಅವರಲ್ಲಿ ವೃದ್ಧರ ಪಾಲು ದೊಡ್ಡದು. ಸಮತೋಲದ ಮತ್ತು ಕಾಲುಬಲದ ವ್ಯಾಯಾಮದಿಂದ ವೃದ್ಧರು ಬೀಳುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುವುದೆಂದು ಅನೇಕ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಧಾರವಾಡ, ಬೆಳಗಾವಿಗಳಲ್ಲಿ ಫಿಜಿಯೋಥೆರಪಿಯ ಕಾಲೇಜುಗಳಿವೆ. ಈ ವಿದ್ಯೆ ಬಲ್ಲವರು ನಮ್ಮ ಸೀಮೆಗೆ ದೂರದವರಲ್ಲ. ಹಿರಿಯರು ಒಮ್ಮೆ ಬಿದ್ದರೆ ಎಲುಬಿನ ಚಿತ್ರ ತೆಗೆಸಿದಷ್ಟಕ್ಕೆ ಸುಮ್ಮನಾಗದೆ, ಏಕೆ ಬಿದ್ದರೆಂದು ಇಂಥವರಿಂದ ತಿಳಿದುಕೊಳ್ಳುವುದು ಮನೆಯವರ ಕರ್ತವ್ಯ. ಮುಪ್ಪು ಬೀಳುವುದಕ್ಕೆ ಕಾರಣಗಳಲ್ಲಿ ಒಂದಾದೀತು. ಅದೊಂದೇ ಉತ್ತರವೆಂದು ಒಪ್ಪಿಕೊಂಡರೆ ಉಳಿದ ಕಾರಣಗಳು ಕತ್ತಲಲ್ಲಿಯೇ ಉಳಿಯುತ್ತವೆ.

ಈಗ ಮತ್ತೆ ಮಳೆ ಹಿಡಿದಿದೆ. ಬೆಳಿಗ್ಗೆ ತಾಯಿಯವರು ಕೋಲೂರಿಕೊಂಡು ತುಳಸಿಕಟ್ಟೆಯವರೆಗೆ ಹೋಗುತ್ತಾರೆ. ನಾನು ಎರಡು ಹೆಜ್ಜೆ ಹಿಂದೆ ಇರುತ್ತೇನೆ. ಕೈ ಹಿಡಿಯಬೇಕೆಂದು ಪ್ರತಿದಿನವೂ ಅನಿಸುತ್ತದೆ, ಹಿಡಿಯುವುದಿಲ್ಲ. ಕೈಮುಗಿಯುವಾಗ ಮಾತ್ರ ಅವರು ಕಟ್ಟೆಗೆ ಮೊದಲು ಸೊಂಟ ಆನಿಸಿಕೊಂಡು, ಆಮೇಲೆ ಕಣ್ಣು ಮುಚ್ಚುತ್ತಾರೆ.